ಟೈಪ್‌ರೈಟರ್ ಸರಿಯಿದೆ, ಟೈಪಿಸ್ಟ್ ಎಲ್ಲಿ?

ಹಳೆಯ ಕಾಲದ ಕಥೆಗಳನ್ನು ಟಿ.ವಿ.ಗೂ ಒಟಿಟಿಗೂ ತರುತ್ತಿರುವ ಬರಹಗಾರರು, ನಿರ್ದೇಶಕರು, ಕಲಾ ನಿರ್ದೇಶಕರು ಹಾಗೂ ನಿರ್ಮಾಪಕರಿಗೆ ಒಂದು ಬಹಿರಂಗ ಪತ್ರ



2007ರ ಜುಲೈನಲ್ಲಿ ಅಮೆರಿಕದ ಎಎಂಸಿ ವಾಹಿನಿಯಲ್ಲಿ ‘ಮ್ಯಾಡ್ ಮೆನ್’ ಶುರುವಾಯಿತು. ನ್ಯೂಯಾರ್ಕಿನ ಮ್ಯಾಡಿಸನ್ ಅವೆನ್ಯೂದ ಒಂದು ಜಾಹೀರಾತು ಕಂಪನಿ, 1960ರ ಮಾರ್ಚ್ ತಿಂಗಳು. ಗಂಡಸರ ತಲೆಗೂದಲಿನ ಹೊಳಪಿನಿಂದ ಹಿಡಿದು ಮೇಜಿನ ಮೇಲಿನ ಆಶ್‌ಟ್ರೇವರೆಗೆ ಎಲ್ಲವೂ ಅಪ್ಪಟ ಆ ಕಾಲದ್ದೇ ಎಂದು ವಿಮರ್ಶಕರು ಹಾಡಿ ಹೊಗಳಿದರು. ಆದರೆ ಟೈಪ್‌ರೈಟರ್ ಬಲ್ಲವರು ಸುಮ್ಮನಿರಬೇಕಲ್ಲ! ಸೆಕ್ರೆಟರಿಗಳ ಮೇಜಿನ ಮೇಲಿದ್ದ ಐಬಿಎಂ ಸೆಲೆಕ್ಟ್ರಿಕ್ ಯಂತ್ರ ಮಾರುಕಟ್ಟೆಗೆ ಬಂದದ್ದೇ 1961ರ ಜುಲೈ 31ಕ್ಕೆ. ಅಂದರೆ ಕಥೆ ಆರಂಭವಾಗಿ ವರ್ಷ ಕಳೆದ ಮೇಲೆ. ಆ ಕಾಲಕ್ಕೆ ಸರಿಹೊಂದುವ ಯಂತ್ರಗಳನ್ನು ಅಷ್ಟು ಸಂಖ್ಯೆಯಲ್ಲಿ ಹುಡುಕಿ ತರುವುದು ಕಷ್ಟವಾಗಿ, ನೋಡಲೂ ಚೆನ್ನಾಗಿದೆ ಎಂದು ಸೆಲೆಕ್ಟ್ರಿಕ್ ಇಟ್ಟರಂತೆ. ಈ ಒಂದು ತಪ್ಪಿನ ಬಗ್ಗೆ ಇವತ್ತಿಗೂ ಬರೆಯುವವರಿದ್ದಾರೆ.

ಈ ಪತ್ರ ಆ ಸಾಲಿಗೆ ಸೇರಿದ್ದಲ್ಲ. ನಿಮ್ಮ ಸರಣಿಗಳಲ್ಲಿ ವಸ್ತುಗಳು ಈಗ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತವೆ. ಅಂಬಾಸಿಡರ್ ಕಾರು, ಕರಿ ಫೋನು, ಕೈಗೆ ಎಚ್‌ಎಂಟಿ ವಾಚು, ಗೋಡೆಯ ಮೇಲೆ ಆ ವರ್ಷದ್ದೇ ಕ್ಯಾಲೆಂಡರು. ಅದಕ್ಕಾಗಿ ಕಲಾ ವಿಭಾಗದವರು ಗುಜರಿ ಅಂಗಡಿಗಳನ್ನು ಜಾಲಾಡಿದ್ದು ಗೊತ್ತಾಗುತ್ತದೆ. ತಕರಾರು ಬೇರೆ ಇದೆ. ಆ ಮೇಜಿನ ಹಿಂದೆ ಕೂತ ಮನುಷ್ಯ ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆವರೆಗೆ ಏನು ಮಾಡುತ್ತಿದ್ದ ಎಂಬುದೇ ಕಾಣುವುದಿಲ್ಲ. ಅವನು ಫೈಲು ತೆರೆಯುತ್ತಾನೆ, ಮುಚ್ಚುತ್ತಾನೆ, ಎದ್ದು ಹೋಗಿ ಯಾರನ್ನೋ ಪ್ರೀತಿಸುತ್ತಾನೆ ಇಲ್ಲವೇ ಯಾರ ಮೇಲೋ ಹರಿಹಾಯುತ್ತಾನೆ. ಕಚೇರಿ ಎಂಬುದು ಕಥೆಯ ಹಿಂದೆ ಇಳಿಬಿಟ್ಟ ನಾಟಕದ ಪರದೆ, ಅಷ್ಟೆ.

ವಸ್ತು ನಿಜವಾಗಿದ್ದೂ ಕೆಲಸ ಸುಳ್ಳಾಗುವುದು ಹೇಗೆ ಎಂಬುದಕ್ಕೆ 2019ರ ‘ಚರ್ನೋಬಿಲ್’ ಒಳ್ಳೆಯ ಉದಾಹರಣೆ. ಎಚ್‌ಬಿಒಗಾಗಿ ಕ್ರೇಗ್ ಮೇಝಿನ್ ಬರೆದ ಆ ಐದು ಕಂತುಗಳು ಹಲವು ಪ್ರಶಸ್ತಿ ಬಾಚಿಕೊಂಡವು. ಚರ್ನೋಬಿಲ್ ಮಾದರಿಯದೇ ರಿಯಾಕ್ಟರುಗಳಿದ್ದು ಈಗ ಮುಚ್ಚಿರುವ ಲಿಥುವೇನಿಯಾದ ಇಗ್ನಾಲಿನಾ ಸ್ಥಾವರದಲ್ಲಿ ಚಿತ್ರೀಕರಣ ನಡೆಯಿತು. ಮಾಸ್ಕೋದಲ್ಲಿ ಹುಟ್ಟಿ ಬೆಳೆದ ಪತ್ರಕರ್ತರಾದ ಮಾಶಾ ಗೆಸೆನ್ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದರು. ಬಟ್ಟೆ, ಪಾತ್ರೆ, ಬೆಳಕು ಎಲ್ಲವೂ ಎಂಬತ್ತರ ದಶಕದ ಸೋವಿಯತ್ ಬದುಕಿನಿಂದ ನೇರವಾಗಿ ಎತ್ತಿಕೊಂಡಂತಿವೆ ಎಂದು ಮೆಚ್ಚಿಕೊಂಡೇ, ಅಧಿಕಾರ ಅಲ್ಲಿ ನಡೆಯುತ್ತಿದ್ದ ರೀತಿ ಮಾತ್ರ ಸರಣಿಗೆ ಸಿಕ್ಕಿಲ್ಲ ಎಂದರು. ಸರಣಿಯಲ್ಲಿ ಮಂತ್ರಿಯೊಬ್ಬ ವಿಜ್ಞಾನಿಯನ್ನು ಹೆಲಿಕಾಪ್ಟರಿನಿಂದ ಹೊರಗೆ ಎಸೆಸುತ್ತೇನೆ ಎಂದು ಬೆದರಿಸುತ್ತಾನೆ. ಗುಂಡು ಹೊಡೆಸುತ್ತೇನೆ ಎಂಬ ಮಾತೂ ಬರುತ್ತದೆ. 1986ರ ಸೋವಿಯತ್ ಒಕ್ಕೂಟದಲ್ಲಿ ಒಬ್ಬ ಅಧಿಕಾರಿಯ ಬಾಯಿಮಾತಿನಿಂದ ಜೀವ ತೆಗೆಸುವ ಕಾಲ ಎಂದೋ ಮುಗಿದುಹೋಗಿತ್ತು. ಜನ ಹೇಳಿದ್ದನ್ನು ಮಾಡುತ್ತಿದ್ದರು. ಅದಕ್ಕೆ ಪಿಸ್ತೂಲು ಬೇಕಿರಲಿಲ್ಲ.

ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿದ ಯಾರಿಗಾದರೂ ಇದು ತಟ್ಟನೆ ಅರ್ಥವಾಗುತ್ತದೆ. ಮೇಲಿನವರ ಮಾತಿಗೆ ‘ಆಗಲಿ ಸಾರ್’ ಎನ್ನುವುದು ಪ್ರಾಣಭಯದಿಂದಲ್ಲ. ವರ್ಗಾವಣೆ ಇದೆ, ಇನ್‌ಕ್ರಿಮೆಂಟ್ ಇದೆ, ಸಿಆರ್‌ನಲ್ಲಿ, ಅಂದರೆ ಗೋಪ್ಯ ವರದಿಯಲ್ಲಿ, ಏನು ಬರೆಯುತ್ತಾರೋ ಎಂಬ ಅಳುಕಿದೆ, ಮಗಳ ಮದುವೆ ಮುಂದಿನ ವೈಶಾಖಕ್ಕಿದೆ. ಇಂಥ ಸಣ್ಣ ಸಣ್ಣ ಲೆಕ್ಕಾಚಾರಗಳಿಂದ ಒಂದು ದೊಡ್ಡ ಸುಳ್ಳು ಹೇಗೆ ಕಟ್ಟಿಕೊಳ್ಳುತ್ತದೆ ಎಂದು ತೋರಿಸುವುದು ಕಷ್ಟ. ಹೆಲಿಕಾಪ್ಟರಿನ ಬಾಗಿಲು ತೋರಿಸುವುದು ಸುಲಭ.

ಇಷ್ಟು ಹೇಳಿ ‘ಮ್ಯಾಡ್ ಮೆನ್’ಗೆ ಸಲ್ಲಬೇಕಾದ್ದನ್ನು ಸಲ್ಲಿಸದಿದ್ದರೆ ಅನ್ಯಾಯವಾದೀತು. ಟೈಪ್‌ರೈಟರಿನಲ್ಲಿ ಎಡವಿದವರು ಜೆರಾಕ್ಸ್ ಯಂತ್ರದಲ್ಲಿ ಗೆದ್ದಿದ್ದಾರೆ. ಜೆರಾಕ್ಸ್ ಕಂಪನಿ ತನ್ನ 914 ಮಾದರಿಯನ್ನು ಜನರಿಗೆ ಮೊದಲು ತೋರಿಸಿದ್ದು 1959ರಲ್ಲಿ. ತೂಕ ಸುಮಾರು 300 ಕಿಲೋ. ಕಾಗದ ಕಾದು ಹೊತ್ತಿಕೊಳ್ಳುವ ಭಯವಿದ್ದುದರಿಂದ ಜೊತೆಯಲ್ಲಿ ಬೆಂಕಿ ಆರಿಸುವ ಸಾಧನವನ್ನೂ ಕೊಡುತ್ತಿದ್ದರು. ಸರಣಿಯ ಎರಡನೆಯ ಸೀಸನ್‌ನಲ್ಲಿ, 1962ರ ಕಥೆಯಲ್ಲಿ, ಈ ಯಂತ್ರ ಆಫೀಸಿಗೆ ಬರುತ್ತದೆ. ಹುಡುಗಿಯರೆಲ್ಲ ಸುತ್ತ ನೆರೆಯುತ್ತಾರೆ. ಇಷ್ಟು ದೊಡ್ಡದನ್ನು ಎಲ್ಲಿಡುವುದೋ ಯಾರಿಗೂ ಗೊತ್ತಿಲ್ಲ. ಅಲ್ಲಿಲ್ಲಿ ತಳ್ಳಾಡಿ ಕೊನೆಗೆ ತಂದು ನಿಲ್ಲಿಸುವುದು ಪೆಗ್ಗಿ ಓಲ್ಸನ್ ಎಂಬಾಕೆಯ ಕೋಣೆಯಲ್ಲಿ. ಸೆಕ್ರೆಟರಿಯಾಗಿ ಸೇರಿ ಕಾಪಿರೈಟರ್ ಆದವಳು ಅವಳು. ಪಕ್ಕದ ಗಂಡಸರ ಕೋಣೆಗಳಿಗೆ ಯಂತ್ರ ಹೋಗಲಿಲ್ಲ. ಆ ಕಚೇರಿಯಲ್ಲಿ ಹೆಣ್ಣಿನ ಸ್ಥಾನ ಎಷ್ಟು ಎಂದು ಹೇಳಲು ಯಾರೂ ಭಾಷಣ ಮಾಡಬೇಕಾಗಲಿಲ್ಲ. ಜಾಗ ಎಲ್ಲಿದೆ ಎಂಬ ಒಂದು ಆಡಳಿತದ ಪ್ರಶ್ನೆ ಸಾಕಾಯಿತು.

ಅದೇ ಸರಣಿಯ ಕುಡಿತ, ಸೇದಾಟಗಳ ಬಗ್ಗೆ ಮಾತ್ರ ಆ ಕಾಲದವರಲ್ಲೇ ಒಮ್ಮತವಿಲ್ಲ. (ನಟರು ಸೇದಿದ್ದು ತಂಬಾಕಿಲ್ಲದ ಗಿಡಮೂಲಿಕೆ ಸಿಗರೇಟು, ಪಾಪ.) ಅರವತ್ತರ ದಶಕದ ಖ್ಯಾತ ಜಾಹೀರಾತು ಕಲಾವಿದ ಜಾರ್ಜ್ ಲೋಯಿಸ್ ಇದು ತಮ್ಮ ವೃತ್ತಿಗೆ ಮಾಡಿದ ಅವಮಾನ ಎಂದು ಸಿಡಿದರು. ಆ ದಿನಗಳಲ್ಲಿ ತಾವು ಮಾಡುತ್ತಿದ್ದದ್ದು ಹೊಸ ಕಲೆ, ಸರಣಿಯಲ್ಲಿ ಕಾಣುವುದು ಬರೀ ಸೂಟು ಮತ್ತು ಸರಸ ಎಂಬುದು ಅವರ ಸಿಟ್ಟಿನ ಸಾರ. ಒಗಿಲ್ವಿ ಸಂಸ್ಥೆಯಲ್ಲಿ ಕಾಪಿರೈಟರ್ ಆಗಿದ್ದ ಜೇನ್ ಮಾಸ್ 2012ರಲ್ಲಿ ತಮ್ಮ ನೆನಪುಗಳನ್ನು ‘ಮ್ಯಾಡ್ ವಿಮೆನ್’ ಎಂಬ ಪುಸ್ತಕವಾಗಿ ತಂದರು; ಅದರಲ್ಲಿನ ಚಿತ್ರ ಲೋಯಿಸ್ ಅವರದಕ್ಕಿಂತ ಬೇರೆ. ಲೋಯಿಸ್ ಅವರ ಕೋಪದಲ್ಲಿ ಒಂದು ತಥ್ಯವಿದೆ. ಆ ದಶಕದಲ್ಲಿ ಜಾಹೀರಾತಿನ ಕೆಲಸವನ್ನೇ ಬದಲಿಸಿದ್ದು ಬಿಲ್ ಬರ್ನ್‌ಬಾಕ್ ಅವರ ಡಾಯ್ಲ್ ಡೇನ್ ಬರ್ನ್‌ಬಾಕ್ ಕಂಪನಿ. ಅದುವರೆಗೆ ಕಾಪಿರೈಟರ್ ಬರೆದುಕೊಟ್ಟದ್ದು ಕಲಾ ವಿಭಾಗಕ್ಕೆ ಹೋಗಿ, ಅಲ್ಲಿ ಯಾರೋ ಚಿತ್ರ ಕೂಡಿಸುತ್ತಿದ್ದರು. ಬರ್ನ್‌ಬಾಕ್ ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದರು. 1959ರಲ್ಲಿ ಶುರುವಾದ ಫೋಕ್ಸ್‌ವ್ಯಾಗನ್ ಜಾಹೀರಾತುಗಳು ಹಾಗೆ ಹುಟ್ಟಿದವು. ‘ಮ್ಯಾಡ್ ಮೆನ್’ನ ಮೊದಲ ಸೀಸನ್‌ನಲ್ಲೇ ಪಾತ್ರಗಳು ಆ ಜಾಹೀರಾತನ್ನು ಹಿಡಿದು ಗೊಣಗುವ ದೃಶ್ಯವಿದೆ. ಆದರೆ ನಾಯಕ ಡಾನ್ ಡ್ರೇಪರನಿಗೆ ಐಡಿಯಾ ಹೊಳೆಯುವುದು ಒಬ್ಬನೇ ಕೂತು ದೂರ ದಿಟ್ಟಿಸುವಾಗ. ಇಬ್ಬರು ದಿನಗಟ್ಟಲೆ ಕೂತು ಬರೆದು, ಹರಿದು, ಕಿತ್ತಾಡಿದ್ದಕ್ಕಿಂತ ಒಬ್ಬನ ಮೌನ ಕ್ಯಾಮೆರಾಕ್ಕೆ ಚೆನ್ನಾಗಿ ಒಗ್ಗುತ್ತದೆ.

ಇಂಗ್ಲೆಂಡಿನ ಸಿರಿವಂತರ ಬಂಗಲೆಯೊಂದರ ‘ಡೌನ್ಟನ್ ಅಬ್ಬೆ’ ಸರಣಿಯ ಕತೆಯೂ ಹೆಚ್ಚುಕಡಿಮೆ ಇದೇ. ಮೊದಲ ಕಂತಿನ ಆರಂಭದಲ್ಲೇ ಬೆಳ್ಳಂಬೆಳಿಗ್ಗೆ ಎದ್ದು ಕೋಣೆಗಳಲ್ಲಿ ಬೆಂಕಿ ಹಚ್ಚುವ ಅಡುಗೆಮನೆಯ ಹುಡುಗಿ ಕಾಣುತ್ತಾಳೆ. ಬರಬರುತ್ತಾ ಆಳುಗಳಿಗೆ ದಣಿವೇ ಇಲ್ಲ, ಮಾತಿಗೆ ಬೇಕಾದಷ್ಟು ಪುರುಸೊತ್ತು.

ಇನ್ನು ನಮ್ಮವರ ವಿಷಯ. ಕೆಲಸವನ್ನೇ ಕಥೆಯಾಗಿ ಮಾಡಿದರೆ ಜನ ನೋಡುವುದಿಲ್ಲ ಎನ್ನುವವರಿಗೆ 2020ರ ಅಕ್ಟೋಬರಿನಲ್ಲಿ ಬಂದ ‘ಸ್ಕ್ಯಾಮ್ 1992’ ಉತ್ತರ ಕೊಟ್ಟಾಗಿದೆ. ಸುಚೇತಾ ದಲಾಲ್ ಮತ್ತು ದೇಬಾಶಿಶ್ ಬಸು ಬರೆದ ಪುಸ್ತಕವನ್ನು ಆಧರಿಸಿ ಹನ್ಸಲ್ ಮೆಹ್ತಾ ನಿರ್ದೇಶಿಸಿದ ಹತ್ತು ಕಂತುಗಳು ಅವು. ಮುಂಬೈ ಷೇರು ಪೇಟೆ ಕಂಪ್ಯೂಟರ್ ಪರದೆಗೆ ಹೋದದ್ದು 1995ರಲ್ಲಿ. ಅದಕ್ಕೂ ಮುಂಚೆ ವ್ಯಾಪಾರವೆಲ್ಲ ರಿಂಗಿನಲ್ಲಿ, ಕೂಗಾಟದಲ್ಲಿ, ಕೈಸನ್ನೆಯಲ್ಲಿ. ಜಾಬರುಗಳ ಗದ್ದಲ, ತಳ್ಳಾಟ, ಬೆವರು ಎಲ್ಲವನ್ನೂ ಸರಣಿ ಚೆನ್ನಾಗಿ ಹಿಡಿದಿದೆ.

ಆದರೆ ಅದರ ನಿಜವಾದ ಸಾಹಸ ರಿಂಗಿನಲ್ಲಿಲ್ಲ, ಬ್ಯಾಂಕಿನ ಕಾಗದಪತ್ರದಲ್ಲಿದೆ. ಒಂದು ಬ್ಯಾಂಕು ಇನ್ನೊಂದಕ್ಕೆ ಸರ್ಕಾರಿ ಸಾಲಪತ್ರ ಮಾರಿದರೆ ಅದನ್ನು ರಿಸರ್ವ್ ಬ್ಯಾಂಕಿನ ಪಬ್ಲಿಕ್ ಡೆಟ್ ಆಫೀಸಿನ ಲೆಡ್ಜರಿನಲ್ಲಿ ಕೈಯಿಂದ ಬರೆಯಬೇಕಿತ್ತು. ಅದಕ್ಕೆ ದಿನಗಳು ಹಿಡಿಯುತ್ತಿದ್ದವು. ಅಲ್ಲಿಯವರೆಗೆ ಮಾರಿದ ಬ್ಯಾಂಕು ‘ಸಾಲಪತ್ರ ನಮ್ಮಲ್ಲಿದೆ, ಆಮೇಲೆ ಕೊಡುತ್ತೇವೆ’ ಎಂದು ಒಂದು ರಸೀದಿ ಕೊಡುತ್ತಿತ್ತು. ಅದೇ ಬಿಆರ್, ಬ್ಯಾಂಕ್ ರಿಸೀಟ್. ಹಿಂದೆ ಸಾಲಪತ್ರವೇ ಇಲ್ಲದ ರಸೀದಿ ಹುಟ್ಟಿದ್ದು ಈ ಸಂದಿಯಲ್ಲಿ, ಬ್ಯಾಂಕುಗಳ ಹಣ ಷೇರು ದಲ್ಲಾಳಿ ಹರ್ಷದ್ ಮೆಹ್ತಾನ ಕೈಗೆ ಬಂದು ಷೇರು ಪೇಟೆಗೆ ಹರಿದದ್ದೂ ಈ ಸಂದಿಯಲ್ಲೇ. ಅಂದರೆ ಇಡೀ ಹಗರಣದ ಬೇರು ಇರುವುದು ಗುಮಾಸ್ತರು ಲೆಡ್ಜರು ಬರೆಯುವ ವೇಗದಲ್ಲಿ. ಇದನ್ನು ಅರ್ಥ ಮಾಡಿಕೊಂಡ ಬರಹಗಾರರು ಎಸ್‌ಜಿಎಲ್, ಬಿಆರ್, ರೆಡಿ ಫಾರ್ವರ್ಡ್ ಎಂಬ ಒಣ ಪದಗಳನ್ನು ಜನರ ನಾಲಿಗೆಗೆ ತಂದರು. ಪ್ರೇಕ್ಷಕರು ಆಕಳಿಸಲಿಲ್ಲ.

ಹಾಗಿದ್ದರೆ ಒಂದು ಸಾಮಾನ್ಯ ಬ್ಯಾಂಕ್ ಶಾಖೆಯ ಕಥೆ ಯಾಕೆ ಬೇಡ? ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕು, ಮಣಿಪಾಲದ ಸಿಂಡಿಕೇಟ್ ಬ್ಯಾಂಕು 1969ರ ಜುಲೈ 19ರಂದು ರಾಷ್ಟ್ರೀಕರಣಗೊಂಡ ಹದಿನಾಲ್ಕರಲ್ಲಿದ್ದವು. ಕರಾವಳಿಯ ಹುಡುಗರು ದೇಶದ ಮೂಲೆಮೂಲೆಯ ಶಾಖೆಗಳಿಗೆ ಕ್ಲಾರ್ಕುಗಳಾಗಿ, ಆಫೀಸರುಗಳಾಗಿ ಹೋದರು. ಆ ಶಾಖೆಯ ಒಂದು ಸಂಜೆಯನ್ನು ನೋಡಿ. ಕೌಂಟರ್ ಮುಚ್ಚಿದೆ, ಹಿತ್ತಾಳೆ ಟೋಕನ್ನುಗಳನ್ನು ಎಣಿಸಿ ಇಟ್ಟಾಗಿದೆ. ವೋಚರುಗಳನ್ನು ಡೇಬುಕ್ಕಿಗೆ, ಡೇಬುಕ್ಕಿನಿಂದ ಲೆಡ್ಜರಿಗೆ ಏರಿಸಿದ್ದಾರೆ. ಟ್ಯಾಲಿ ಆಗುತ್ತಿಲ್ಲ. ವ್ಯತ್ಯಾಸ 27 ರೂಪಾಯಿ. ಯಾರೂ ಮನೆಗೆ ಹೋಗುವಂತಿಲ್ಲ. ಅನುಭವಸ್ಥ ಹೆಡ್ ಕ್ಲಾರ್ಕು ಕನ್ನಡಕ ಸರಿಮಾಡಿಕೊಂಡು ಆ 27ನ್ನು ಒಂಬತ್ತರಿಂದ ಭಾಗಿಸಿ ನೋಡುತ್ತಾನೆ. ಶೇಷವಿಲ್ಲದೆ ಹೋಗುತ್ತದೆ. ಹಾಗಾದರೆ ಯಾರೋ ಅಂಕಿ ಹಿಂದುಮುಂದು ಮಾಡಿದ್ದಾರೆ: 85 ಇದ್ದದ್ದನ್ನು 58 ಎಂದೋ, 41ನ್ನು 14 ಎಂದೋ. ಇನ್ನು ಹುಡುಕಬೇಕಾದ್ದು ಅಂಥ ಜೋಡಿಗಳನ್ನು ಮಾತ್ರ. ಲೆಕ್ಕ ಬರೆಯುವವರೆಲ್ಲರಿಗೂ ಗೊತ್ತಿದ್ದ ಈ ಉಪಾಯ ಒಂದು ಪತ್ತೇದಾರಿ ದೃಶ್ಯಕ್ಕೆ ಏನು ಕಡಿಮೆ?

ಉಳಿತಾಯ ಖಾತೆಯ ಬಡ್ಡಿಯನ್ನು ಲೆಕ್ಕ ಹಾಕುತ್ತಿದ್ದ ಬಗೆಯೂ ಹಾಗೆಯೇ. ತಿಂಗಳ ಹತ್ತನೆಯ ತಾರೀಖಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿ ಅತಿ ಕಡಿಮೆ ಎಷ್ಟಿತ್ತೋ ಅಷ್ಟಕ್ಕೆ ಮಾತ್ರ ಬಡ್ಡಿ. ಸಾವಿರಾರು ಖಾತೆಗಳಿಗೆ ಇದನ್ನು ಕೈಯಲ್ಲೇ ತೆಗೆಯಬೇಕಿತ್ತು. ಹಾಗಾಗಿ ಕ್ಲೋಸಿಂಗ್ ಬಂತೆಂದರೆ ಬ್ಯಾಂಕಿನವರ ಮನೆಯಲ್ಲಿ ಆ ರಾತ್ರಿ ಊಟಕ್ಕೆ ಯಾರೂ ಕಾಯುತ್ತಿರಲಿಲ್ಲ. 1983ರಲ್ಲಿ ಬ್ಯಾಂಕುಗಳ ಆಡಳಿತವೂ ಯೂನಿಯನ್ನುಗಳೂ ಯಂತ್ರಗಳ ಬಗ್ಗೆ ಒಂದು ಒಪ್ಪಂದಕ್ಕೆ ಬಂದ ಮೇಲೆ ಲೆಡ್ಜರ್ ಪೋಸ್ಟಿಂಗ್ ಮಶೀನು ಎಂಬುದು ಶಾಖೆಗಳಿಗೆ ಮೆಲ್ಲಗೆ ಕಾಲಿಟ್ಟಿತು. ತನ್ನ ಸುಂದರ ಕೈಬರಹಕ್ಕೇ ಹೆಸರಾಗಿದ್ದ ಕ್ಲಾರ್ಕು ಅವತ್ತು ಏನನ್ನು ಕಳೆದುಕೊಂಡ, ಯೂನಿಯನ್ ಮೀಟಿಂಗಿನಲ್ಲಿ ಏನು ಕೂಗಿದ? ನಿಮ್ಮಲ್ಲಿ ಯಾರಾದರೂ ಇದನ್ನು ಬರೆಯಬೇಕು.

2023ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ‘ದಿ ರೈಲ್ವೇ ಮೆನ್’ ಮಾತ್ರ ‘ಸ್ಕ್ಯಾಮ್ 1992’ಕ್ಕೆ ತದ್ವಿರುದ್ಧ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ವಿಷಾನಿಲ ಹರಡಿದಾಗ ನಿಲ್ದಾಣದಲ್ಲಿ ಡ್ಯೂಟಿಯಲ್ಲಿದ್ದವರು ಉಪ ಸ್ಟೇಷನ್ ಸೂಪರಿಂಟೆಂಡೆಂಟ್ ಗುಲಾಮ್ ದಸ್ತಗೀರ್. ಪ್ಲಾಟ್‌ಫಾರ್ಮಿನಲ್ಲಿ ಜನ ತುಂಬಿ ನಿಂತಿದ್ದ ಗೋರಖ್‌ಪುರ ಎಕ್ಸ್‌ಪ್ರೆಸ್ಸನ್ನು ಅವರು ಹೊತ್ತಿಗೆ ಮುಂಚೆಯೇ, ಮೇಲಿನವರ ಅಪ್ಪಣೆಗೆ ಕಾಯದೆ, ತಮ್ಮ ಜವಾಬ್ದಾರಿಯ ಮೇಲೆ ಹೊರಡಿಸಿದರು. ಸರಣಿಯ ಸ್ಟೇಷನ್ ಮಾಸ್ಟರ್ ಪಾತ್ರಕ್ಕೆ ಅವರೇ ಪ್ರೇರಣೆ. ಕೆ.ಕೆ. ಮೆನನ್ ಅಭಿನಯಕ್ಕೆ ಎರಡು ಮಾತಿಲ್ಲ. ಆದರೆ ಬರಹಗಾರರಿಗೆ ಆ ಒಂದು ಕೆಲಸ ಸಾಕೆನ್ನಿಸಲಿಲ್ಲ. ಪೊಲೀಸ್ ವೇಷದ ಕಳ್ಳನೊಬ್ಬ ಬಂದ, ಹೊಡೆದಾಟ ಬಂತು, ಇನ್ನೊಂದು ರೈಲಿನ ಕಥೆ ಬಂತು.

ದಸ್ತಗೀರ್ ಮಾಡಿದ್ದು ಎಷ್ಟು ದೊಡ್ಡದು ಎಂದು ತಿಳಿಯಲು ನಿಯಮ ಗೊತ್ತಿರಬೇಕು. ಪ್ರಯಾಣಿಕರ ಗಾಡಿ ವೇಳಾಪಟ್ಟಿಗಿಂತ ಮೊದಲು ಹೊರಡಕೂಡದು. ಮುಂದಿನ ನಿಲ್ದಾಣದಿಂದ ಲೈನ್ ಕ್ಲಿಯರ್ ಸಿಗದೆ ಸಿಗ್ನಲ್ ಕೊಡಕೂಡದು. ಎಲ್ಲವೂ ಟ್ರೇನ್ ರಿಜಿಸ್ಟರಿನಲ್ಲಿ ಗಂಟೆ ನಿಮಿಷಗಳ ಸಮೇತ ದಾಖಲಾಗಬೇಕು. ವರ್ಷಗಟ್ಟಲೆ ಒಂದು ನಿಮಿಷ ಆಚೀಚೆಯಾದರೂ ವಿವರಣೆ ಬರೆದುಕೊಟ್ಟ ಕೈ ಅದು. ಎದೆ ಉರಿಯುತ್ತಿರುವಾಗ ಆ ಕೈಯೇ ನಿಯಮ ಮುರಿಯಿತು. ಮೊದಲ ಕಂತಿನಲ್ಲಿ ಒಂದು ಸಾಧಾರಣ ರಾತ್ರಿಯ ಡ್ಯೂಟಿಯನ್ನು ಸಾವಧಾನವಾಗಿ ತೋರಿಸಿದ್ದರೆ, ಫೋನು, ರಿಜಿಸ್ಟರು, ಗಂಟೆ, ಹಸಿರು ದೀಪ ಎಂಬ ಆ ಕ್ರಮ ಪ್ರೇಕ್ಷಕನಿಗೆ ರೂಢಿಯಾಗಿದ್ದರೆ, ಆ ಕ್ರಮ ತಪ್ಪಿದ ಕ್ಷಣವೇ ಮೈ ನಡುಗಿಸುತ್ತಿತ್ತು. ಕಳ್ಳ ಬೇಕಿರಲಿಲ್ಲ.

‘ರಾಕೆಟ್ ಬಾಯ್ಸ್’ ಬಗ್ಗೆ ಬೆಂಗಳೂರಿನವರಿಗೆ ಸ್ವಲ್ಪ ಹೆಚ್ಚಿನ ಹಕ್ಕಿದೆ. 2022ರಲ್ಲಿ ಬಂದ ಈ ಸರಣಿಯ ಆರಂಭದ ಒಂದು ಮುಖ್ಯ ಭಾಗ ನಡೆಯುವುದು ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಜನರ ಬಾಯಲ್ಲಿ ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟಾಗಿರುವ ಆವರಣದಲ್ಲಿ. ಎರಡನೆಯ ಮಹಾಯುದ್ಧದ ಕಾಲ, ಸರ್ ಸಿ.ವಿ. ರಾಮನ್ ಅಲ್ಲಿದ್ದಾರೆ, ಹೋಮಿ ಭಾಭಾ, ವಿಕ್ರಮ್ ಸಾರಾಭಾಯಿ ಜೊತೆಯಾಗುತ್ತಾರೆ. ಜಿಮ್ ಸರ್ಭ್ ಅವರ ಭಾಭಾ ಕಣ್ಣಿಗೆ ಹಬ್ಬ. ಆದರೆ ಭಾಭಾಗೆ ಎದುರಾಳಿಯಾಗಿ ರಝಾ ಮೆಹ್ದಿ ಎಂಬ ಕಾಲ್ಪನಿಕ ವಿಜ್ಞಾನಿಯನ್ನು ತಂದರು. ಭೌತವಿಜ್ಞಾನಿ ಮೇಘನಾದ ಸಹಾ ಅವರ ನೆರಳು ಆ ಪಾತ್ರದ ಮೇಲಿದೆ, ಆದರೂ ಸಹಾ ಅವರಿಗೆ ಸಲ್ಲಬೇಕಾದ ನ್ಯಾಯ ಸಂದಿಲ್ಲ ಎಂದು ಅನೇಕರು ಆಕ್ಷೇಪಿಸಿದರು, ಸರಿಯಾಗಿಯೇ. ಸಹಾ ಮತ್ತು ಭಾಭಾ ನಡುವಿನ ಭಿನ್ನಾಭಿಪ್ರಾಯ ಮತ್ಸರದ್ದಲ್ಲ, ವ್ಯವಸ್ಥೆಯದ್ದು: ಸಂಶೋಧನೆ ವಿಶ್ವವಿದ್ಯಾಲಯಗಳಲ್ಲಿ ನಡೆಯಬೇಕೋ, ಅವುಗಳಿಂದ ಹೊರಗೆ ಕಟ್ಟಿದ ವಿಶೇಷ ಸಂಸ್ಥೆಗಳಲ್ಲೋ? ಹಣ ಯಾರಿಗೆ? ಅದು ನಡೆದದ್ದು ಸಮಿತಿಗಳಲ್ಲಿ, ಪತ್ರಗಳಲ್ಲಿ. 1952ರಲ್ಲಿ ಸಹಾ ಗೆದ್ದು ಲೋಕಸಭೆಗೆ ಹೋದ ಮೇಲೆ ಸಂಸತ್ತಿನಲ್ಲಿ. ಭಾಭಾ ಅವರ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್‌ಆರ್) ಹುಟ್ಟಿದ್ದೂ ಒಂದು ಪತ್ರದಿಂದಲೇ. 1944ರ ಮಾರ್ಚ್ 12ರಂದು ಭಾಭಾ ದೊರಾಬ್ಜಿ ಟಾಟಾ ಟ್ರಸ್ಟಿಗೆ ಬರೆದ ಪತ್ರ ಅದು. ಮರುವರ್ಷ ಆ ಸಂಸ್ಥೆ ಮೊದಲು ಶುರುವಾದದ್ದು ಬೆಂಗಳೂರಿನಲ್ಲೇ. ವಿಜ್ಞಾನಿಯ ಕೆಲಸದಲ್ಲಿ ಅರ್ಧಭಾಗ ಹಣಕ್ಕಾಗಿ ಅರ್ಜಿ ಬರೆಯುವುದು ಎಂದು ಇಂದಿನ ಯಾವ ಪಿಎಚ್‌ಡಿ ವಿದ್ಯಾರ್ಥಿಯಾದರೂ ಹೇಳುತ್ತಾನೆ.

ಅದೇ ಆವರಣದಲ್ಲಿ ಅದೇ ವರ್ಷಗಳಲ್ಲಿ ಇನ್ನೊಬ್ಬರು ದುಡಿಯುತ್ತಿದ್ದರು. ಅಣ್ಣಾ ಮಣಿ, ರಾಮನ್ ಪ್ರಯೋಗಾಲಯದಲ್ಲಿ ವಜ್ರ ಮತ್ತು ಮಾಣಿಕ್ಯಗಳ ರೋಹಿತಗಳನ್ನು ಅಧ್ಯಯನ ಮಾಡುತ್ತಿದ್ದವರು. ಹರಳನ್ನು ದ್ರವರೂಪದ ಗಾಳಿಯ ತಂಪಿನಲ್ಲಿರಿಸಿ ಫೋಟೋ ಪ್ಲೇಟಿನ ಮೇಲೆ ಅದರ ಮಂದ ಬೆಳಕು ಮೂಡಲು ಹತ್ತಾರು ಗಂಟೆ ಕಾಯಬೇಕು. ಎಷ್ಟೋ ಸಲ ರಾತ್ರಿಯಿಡೀ ಪ್ರಯೋಗಾಲಯದಲ್ಲೇ. ಕೊನೆಗೆ ಪ್ರಬಂಧ ಸಲ್ಲಿಸಿದಾಗ, ಎಂ.ಎಸ್‌ಸಿ. ಆಗಿಲ್ಲ ಎಂಬ ಕಾರಣಕ್ಕೆ ಮದ್ರಾಸ್ ವಿಶ್ವವಿದ್ಯಾಲಯ ಪಿಎಚ್‌ಡಿ ಕೊಡಲಿಲ್ಲ. ಅದಕ್ಕೂ ಮುಂಚೆ, 1933ರಲ್ಲಿ, ಕಮಲಾ ಸೊಹೋನಿ ಅವರಿಗೆ ಹೆಣ್ಣೆಂಬ ಕಾರಣಕ್ಕೆ ರಾಮನ್ ಪ್ರವೇಶ ನಿರಾಕರಿಸಿದ್ದರು. ಆಕೆ ಪಟ್ಟು ಬಿಡದಿದ್ದಾಗ ಒಂದು ವರ್ಷದ ಪರೀಕ್ಷಾರ್ಥ ಅವಧಿಗೆಂದು ಸೇರಿಸಿಕೊಂಡರು. ಇದಕ್ಕಿಂತ ತೀಕ್ಷ್ಣವಾದ ಎದುರಾಳಿಯನ್ನು ಕಲ್ಪಿಸಿ ತರುವ ಅಗತ್ಯ ಯಾರಿಗಿತ್ತು?

ರಾಕೆಟ್ ಎಂದರೆ ಕೇರಳದ ತುಂಬಾ ಎಂಬ ಊರಿನ ಕಡಲತೀರ, ಚರ್ಚು, ಸೈಕಲ್ಲಿನ ಮೇಲೆ ರಾಕೆಟ್ಟಿನ ಮೂತಿ. ಈ ಚಿತ್ರ ಈಗ ಸವೆದಿದೆ. ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಿಗೆ ಯಾರೂ ಕ್ಯಾಮೆರಾ ಒಯ್ದಂತಿಲ್ಲ. 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಹಾರಿದ ‘ಆರ್ಯಭಟ’ ತಯಾರಾದದ್ದು ಆ ಶೆಡ್ಡುಗಳಲ್ಲಿ, ಉಡುಪಿ ಕಡೆಯ ಅದಮಾರಿನ ಯು.ಆರ್. ರಾವ್ ಅವರ ಮುಂದಾಳತ್ವದಲ್ಲಿ. ಜಾಗವಿಲ್ಲದೆ ಒಂದು ಶೌಚಾಲಯವನ್ನೇ ಉಪಗ್ರಹದ ಮಾಹಿತಿ ಸ್ವೀಕರಿಸುವ ಕೇಂದ್ರ ಮಾಡಿಕೊಂಡಿದ್ದರು. 1981ರಲ್ಲಿ ‘ಆ್ಯಪಲ್’ ಉಪಗ್ರಹವನ್ನು ಎತ್ತಿನ ಗಾಡಿಯ ಮೇಲಿಟ್ಟ ಫೋಟೋವನ್ನು ಜನ ಬಡತನದ ಗುರುತೆಂದು ಇಂದಿಗೂ ಹಂಚಿಕೊಳ್ಳುತ್ತಾರೆ. ಆಂಟೆನಾ ಪರೀಕ್ಷೆಗೆ ಲೋಹದ ಅಡ್ಡಿಯಿಲ್ಲದ ಪೀಠ ಬೇಕಿತ್ತು, ಮರದ ಗಾಡಿ ಅದಕ್ಕೆ ಒದಗಿತು. ಅದು ಇಂಜಿನಿಯರಿನ ತಲೆ. ಹೊಸ ಸರಣಿಗೆ ಇಷ್ಟು ಸಾಲದೆ?

ಒಂದು ಮಾತು ಕಾಯುವುದರ ಬಗ್ಗೆ. ಹಳೆಯ ಕಚೇರಿ ಬದುಕಿನ ಅರ್ಧ ಕಾಯುವುದರಲ್ಲೇ ಕಳೆಯುತ್ತಿತ್ತು. ನಮ್ಮ ದೇಶದಲ್ಲಿ ಬೇರೆ ಊರಿಗೆ ನೇರ ಡಯಲ್ ಮಾಡುವ ಎಸ್‌ಟಿಡಿ ಮೊದಲು ಬಂದದ್ದು 1960ರಲ್ಲಿ, ಕಾನ್ಪುರ ಲಖನೌ ನಡುವೆ. ಬಹಳಷ್ಟು ಊರುಗಳಿಗೆ ಅದು ತಲುಪಲು ದಶಕಗಳೇ ಹಿಡಿದವು. ಅಲ್ಲಿಯವರೆಗೆ ಟ್ರಂಕ್ ಕಾಲ್. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ದರ್ಜೆ. ಬುಕ್ ಮಾಡಿ ಫೋನಿನ ಪಕ್ಕ ಕೂತರೆ ಒಂದು ಗಂಟೆಯೋ ಮೂರು ಗಂಟೆಯೋ, ಬಂದಾಗ ಎಲ್ಲರಿಗೂ ಕೇಳುವಂತೆ ಕಿರುಚಬೇಕು. ಕಚೇರಿಯಲ್ಲಿ ಗುಟ್ಟು ಎಂಬುದಿರಲಿಲ್ಲ. ಅನೇಕ ಸರಣಿಗಳಲ್ಲಿ ಎಪ್ಪತ್ತರ ದಶಕದ ಮನುಷ್ಯ ಡಯಲ್ ತಿರುಗಿಸಿದೊಡನೆ ದಿಲ್ಲಿ ಸಿಕ್ಕಿಬಿಡುತ್ತದೆ. ಹಾಗೆಯೇ ಸುತ್ತೋಲೆ. ಟೈಪಿಸ್ಟು ರಿಬ್ಬನ್ ಇಲ್ಲದೆ ಸ್ಟೆನ್ಸಿಲ್ ಕೊರೆಯಬೇಕು, ಒಂದಕ್ಷರ ತಪ್ಪಿದರೆ ಘಾಟುವಾಸನೆಯ ದ್ರವ ಹಚ್ಚಿ ಒಣಗುವವರೆಗೆ ಊದಿ ಮತ್ತೆ ಬಡಿಯಬೇಕು, ಆಮೇಲೆ ಜವಾನ ಅದನ್ನು ಸೈಕ್ಲೋಸ್ಟೈಲ್ ಯಂತ್ರಕ್ಕೆ ಹಾಕಿ ತಿರುಗಿಸಿ ಕೈಯೆಲ್ಲ ಮಸಿ ಮಾಡಿಕೊಳ್ಳಬೇಕು. ನಿಮ್ಮ ಸರಣಿಯಲ್ಲಿ ಸಾಹೇಬರು ಹೇಳುತ್ತಾರೆ, ಮುಂದಿನ ಶಾಟಿನಲ್ಲಿ ಸುತ್ತೋಲೆ ಎಲ್ಲರ ಕೈಯಲ್ಲಿ.

ಯಾರು ಯಾವ ಕುರ್ಚಿಯಲ್ಲಿ ಕೂತಿದ್ದರು ಎಂಬುದು ಇನ್ನೂ ಸೂಕ್ಷ್ಮ. ಮೈಸೂರು ಸಂಸ್ಥಾನದ ಕಚೇರಿಗಳಲ್ಲಿ ಒಂದೇ ಜಾತಿಯವರು ತುಂಬಿದ್ದಾರೆ ಎಂಬ ದೂರಿನ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿ ನೇಮಿಸಿದರು. ದಿವಾನ್ ವಿಶ್ವೇಶ್ವರಯ್ಯನವರು ಅದನ್ನು ಒಪ್ಪದೆ ಹುದ್ದೆಯಿಂದ ಹೊರಬಂದರು. 1919ರಲ್ಲಿ ವರದಿ, 1921ರಲ್ಲಿ ಆದೇಶ. ಆ ಆದೇಶದ ಬಲದಿಂದ ಕಚೇರಿಗೆ ಮೊದಲ ಬಾರಿ ಗುಮಾಸ್ತನಾಗಿ ಬಂದ ಒಕ್ಕಲಿಗರ ಹುಡುಗನೋ ಕುರುಬರ ಹುಡುಗನೋ ಹಳೆಯ ಶಿರಸ್ತೇದಾರರ ಮುಂದೆ ಹೇಗೆ ನಿಂತಿರಬೇಕು? ಕುಡಿಯುವ ನೀರನ್ನು ಎಲ್ಲಿಂದ ತೆಗೆದುಕೊಂಡಿರಬೇಕು? ನಿಮ್ಮ ಪೇಟ, ಕೋಟುಗಳ ದಿವಾನಗಿರಿ ದೃಶ್ಯಗಳಲ್ಲಿ ಈ ಪ್ರಶ್ನೆಗೆ ಜಾಗವೇ ಇರುವುದಿಲ್ಲ.

ಕೋಲಾರದ ಚಿನ್ನದ ಗಣಿಯ ಹೆಸರು ಹೊತ್ತ ಸಿನಿಮಾ ದೇಶವನ್ನೇ ಅಲುಗಾಡಿಸಿತು. ಅದು ದಂತಕಥೆ, ಅದರಲ್ಲಿ ದಾಖಲೆ ಹುಡುಕುವುದು ತಪ್ಪು. ಆದರೆ 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ಬಂದ, ನೆಲದಡಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ, 2001ರಲ್ಲಿ ಮುಚ್ಚಿದ ಆ ಗಣಿಗಳಲ್ಲಿ ನಿಜವಾದ ಕೆಲಸವೊಂದಿತ್ತು. 1930ರಲ್ಲಿ ಬೆರಳಚ್ಚು ಕೊಡಬೇಕೆಂಬ ನಿಯಮದ ವಿರುದ್ಧ ಗಣಿ ಕಾರ್ಮಿಕರು ಮುಷ್ಕರ ಹೂಡಿದ್ದರು. ಬೆಂಗಳೂರಿನಲ್ಲಿ ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳ ನೌಕರರು 1980ರ ಕೊನೆಯಲ್ಲಿ ಶುರುಮಾಡಿ 77 ದಿನ ಮುಷ್ಕರ ನಡೆಸಿದರು. ಫ್ಯಾಕ್ಟರಿ ಸೈರನ್ನು, ಕಂಪನಿ ಬಸ್ಸು, ಕ್ಯಾಂಟೀನಿನ ರಿಯಾಯಿತಿ ಊಟ, ವಾಚು ಜೋಡಿಸುತ್ತಿದ್ದ ಹೆಣ್ಣುಮಕ್ಕಳ ಸಾಲು. ಈಗಿನ ಐಟಿ ನಗರಕ್ಕಿಂತ ಮುಂಚೆ ಇನ್ನೊಂದು ಬೆಂಗಳೂರು ಇತ್ತು, ಅದು ತೆರೆಯ ಮೇಲೆ ಬಂದದ್ದು ಅಪರೂಪ.

‘ಕೆಲಸ ತೋರಿಸಿದರೆ ಜನ ಚಾನೆಲ್ ಬದಲಿಸುತ್ತಾರೆ’ ಎಂಬ ನಿಮ್ಮ ಉತ್ತರ ಗೊತ್ತಿರುವುದೇ. ಕನ್ನಡದ ಮಟ್ಟಿಗಂತೂ ಅದು ನಿಲ್ಲುವುದಿಲ್ಲ. ಟಿ.ಎನ್. ಸೀತಾರಾಮ್ ಅವರ ಧಾರಾವಾಹಿಗಳಲ್ಲಿ ಸಿ.ಎಸ್.ಪಿ. ಎಂಬ ವಕೀಲರು ಪಾಟೀಸವಾಲು ನಡೆಸುವಾಗ ಮನೆಮಂದಿಯೆಲ್ಲ ಊಟದ ತಟ್ಟೆ ಹಿಡಿದು ಕೂತದ್ದು ಕೋರ್ಟಿನ ಕಲಾಪ ನೋಡಲಿಕ್ಕೇ. ಶಂಕರ್‌ನಾಗ್ ಆಗುಂಬೆಯಲ್ಲಿ ಕಟ್ಟಿದ ‘ಮಾಲ್ಗುಡಿ ಡೇಸ್’ನಲ್ಲಿ ತಾನಪ್ಪನೆಂಬ ಅಂಚೆಯಣ್ಣ ಒಂದೊಂದೇ ಮನೆಯ ಮುಂದೆ ನಿಂತು, ಕಾಗದ ಕೊಟ್ಟು, ಕ್ಷೇಮ ವಿಚಾರಿಸಿ, ಸಲಹೆ ಕೊಟ್ಟು ಮುಂದೆ ಹೋಗುತ್ತಾನೆ. ಅವನ ಬೀಟು ಎಷ್ಟು ನಿಧಾನ ಎಂದು ನೋಡಿದ್ದರಿಂದಲೇ, ಮದುವೆ ನಿಲ್ಲಬಾರದೆಂದು ಅವನು ಸಾವಿನ ಸುದ್ದಿಯ ಕಾಗದವನ್ನು ತಡೆಹಿಡಿದದ್ದು ಎಂಥ ಅಪರಾಧ, ಎಂಥ ಪ್ರೀತಿ ಎಂದು ಮನಸ್ಸಿಗೆ ನಾಟುತ್ತದೆ. ಸರ್ಕಾರಿ ನೌಕರನೊಬ್ಬ ಡ್ಯೂಟಿ ತಪ್ಪಿದ ಕಥೆ ಅದು.

ಆದ್ದರಿಂದ ಒಂದೇ ಕೋರಿಕೆ. ಮುಂದಿನ ಸರಣಿಗೆ ಹಳೆಯ ಟೈಪ್‌ರೈಟರ್ ಬಾಡಿಗೆಗೆ ತರುವ ಮುನ್ನ ಅದನ್ನು ಬಡಿದವರೊಬ್ಬರನ್ನು ಹುಡುಕಿ. ನಿವೃತ್ತ ಬ್ಯಾಂಕ್ ನೌಕರರು, ಸ್ಟೇಷನ್ ಮಾಸ್ಟರುಗಳು, ಟೆಲಿಫೋನ್ ಎಕ್ಸ್‌ಚೇಂಜಿನ ಆಪರೇಟರುಗಳು, ಎಚ್‌ಎಂಟಿ ಕಾಲೊನಿಯ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಸಂಘಗಳಿವೆ, ತಿಂಗಳ ಸಭೆಗಳಿವೆ. ಅವರನ್ನು ಕಥೆ ಕೇಳಬೇಡಿ, ದಿನಚರಿ ಕೇಳಿ: ಬೆಳಿಗ್ಗೆ ಮೊದಲು ಕೈಗೆತ್ತಿಕೊಳ್ಳುತ್ತಿದ್ದದ್ದು ಏನು, ಸಹಿ ಯಾರದ್ದು ಬೇಕಿತ್ತು, ಯಾರ ಮುಂದೆ ಕೂರುವಂತಿರಲಿಲ್ಲ, ತಪ್ಪಾದರೆ ಏನಾಗುತ್ತಿತ್ತು, ಚಹಾ ಎಷ್ಟು ಹೊತ್ತಿಗೆ ಬರುತ್ತಿತ್ತು. ಎಂಬತ್ತು ದಾಟಿದವರ ಹತ್ತಿರ ಮೊದಲು ಹೋಗಿ. ಸಂಭಾವನೆ ಕೊಡಿ, ಟೈಟಲ್ ಕಾರ್ಡಿನಲ್ಲಿ ಅವರ ಹೆಸರು ಹಾಕಿ.

ಇತಿ,
ನಿಮ್ಮ ಸರಣಿಗಳ ಒಬ್ಬ ಖಾಯಂ ಪ್ರೇಕ್ಷಕ